ಯಾರ ಹೆಣಕ್ಕೆ ಯಾರು ಅಳಬೇಕು?

ವಿಯೆಟ್ನಾಂ ಅಂದರೆ ನಮಗೆ ಮೊದಲು ಒಂದು ಘೋಷಣೆ. ನಮಗಿಂತ ಹಿರಿಯ ಗೆಳೆಯರು ಆ ಹೆಸರು ಹೇಳುವಾಗ ಮುಷ್ಟಿ ತಾನಾಗಿಯೇ ಮೇಲೇಳುತ್ತಿತ್ತು. ಕೆಸರುಗದ್ದೆಯಲ್ಲಿ ನಾಟಿ ಹಾಕುವ ಜನ ಮೊದಲು ಫ್ರಾನ್ಸಿಗೆ, ಆಮೇಲೆ ಅಮೆರಿಕಕ್ಕೆ ಮಣ್ಣು ಮುಕ್ಕಿಸಿದರು ಅನ್ನೋದು ಸಣ್ಣ ಮಾತಲ್ಲ. ಅದನ್ನು ಈಗ ಸಣ್ಣದು ಮಾಡುವ ಮನಸ್ಸೂ ನಮಗಿಲ್ಲ. ಆದರೆ ಘೋಷಣೆಗೆ ಮುಖ ಇರೋದಿಲ್ಲ. ಆ ಜನರ ಮುಖಗಳನ್ನು ನಾವು ಕಂಡದ್ದು ಅವರ ಸಿನಿಮಾಗಳಲ್ಲಿ. ಹಾಸ್ಟೆಲಿನ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಆರು ಜನ ಒತ್ತಿಕೊಂಡು ಕೂತು. ನೋಡ್ತಾ ನೋಡ್ತಾ ನಮ್ಮೊಳಗೇ ಜಗಳ ಹತ್ತಿಕೊಂಡಿತು. ಆ ಜಗಳವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನೋಡಿದ್ದು 'ಹತ್ತನೇ ತಿಂಗಳು ಬರುವಾಗ'. ದಾಂಗ್ ನ್ಯಾತ್ ಮಿನ್ 1984ರಲ್ಲಿ ಮಾಡಿದ ಕಪ್ಪು-ಬಿಳುಪು ಚಿತ್ರ. ಝುಯೆನ್ ಅನ್ನೋ ಹೆಣ್ಣುಮಗಳು. ಗಂಡ ಯುದ್ಧದಲ್ಲಿ ಸತ್ತ ಅಂತ ಅವಳಿಗೆ ಗೊತ್ತಾಗಿದೆ. ಮನೆಯಲ್ಲಿ ಕಾಯಿಲೆ ಬಿದ್ದ ಮಾವ, ಎಳೇ ಮಗ. ಸಾವಿನ ಸುದ್ದಿಯನ್ನು ಅವಳು ಯಾರಿಗೂ ಹೇಳೋದಿಲ್ಲ. ಊರ ಶಾಲೆಯ ಮೇಷ್ಟ್ರು ಖಾಂಗ್ ಹತ್ತಿರ ಹೋಗಿ, ಗಂಡ ಬರೆದ ಹಾಗೆ ಕಾಗದ ಬರೆದುಕೊಡಿ ಅಂತ ಬೇಡುತ್ತಾಳೆ. ಮೇಷ್ಟ್ರು ಬರೆಯುತ್ತಾನೆ. ಸತ್ತವನ ಹೆಸರಿನಲ್ಲಿ ಬದುಕಿರುವವನ ಅಕ್ಷರ ಮನೆಗೆ ಬರುತ್ತದೆ. ಮುದುಕ ಮಗ ಚೆನ್ನಾಗಿದ್ದಾನೆ ಅಂತ ಹಿಗ್ಗುತ್ತಾನೆ. ಊರಿನವರಿಗೆ ಮಾತ್ರ ಕಾಣುವುದು ಹೆಂಗಸು ಮತ್ತು ಮೇಷ್ಟ್ರು, ಇಬ್ಬರೇ. ಬಾಯಿಗೆ ಬಂದಂಗೆ ಆಡಿಕೊಳ್ಳುತ್ತಾರೆ. ಅವಳು ಊರ ನಾಟಕದಲ್ಲಿ ಪಾತ್ರ ಮಾಡುವವಳು. ಯುದ್ಧಕ್ಕೆ ಹೊರಟ ಗಂಡನನ್ನು ಬೀಳ್ಕೊಡುವ ಹೆಂಡತಿಯ ಪಾತ್ರ ಹಾಕಿದ ದಿನ ರಂಗದ ಮೇಲೆಯೇ ಕುಸಿದುಹೋಗುತ್ತಾಳೆ. ಅಳುವುದಕ್ಕೆ ಅವಳಿಗೆ ಅದೊಂದೇ ಜಾಗ ಉಳಿದಿತ್ತು.

ಇದನ್ನು ನೋಡಿ ನಮ್ಮ ಗೆಳೆಯನೊಬ್ಬ ಸಿಟ್ಟಾದ. ಅಕ್ಷರ ಕಲಿತವನು ಸುಳ್ಳು ಬರೆದುಕೊಟ್ಟರೆ ಅದು ಅಕ್ಷರಕ್ಕೆ ಮಾಡಿದ ದ್ರೋಹ ಅಂದ. ನಮ್ಮ ಮನೆಗಳಲ್ಲಿ ಕಾಗದ ಓದೋಕೆ ಬಂದ ಮೊದಲನೆಯವರು ನಾವೇ. ಪಕ್ಕದ ಮನೆಯ ಕಾಗದಗಳನ್ನೂ ಓದಿ ಹೇಳಿದವರು. ಆದ್ದರಿಂದ ಅವನ ಮಾತು ನಮಗೆ ನಾಟಿತು. ಗೆಳತಿಯೊಬ್ಬಳು ಬಿಡಲಿಲ್ಲ: 'ಆ ಹೆಂಗಸು ಮುಚ್ಚಿಟ್ಟದ್ದು ತನ್ನ ಸಂಕಟವನ್ನ ಕಣೋ, ಇನ್ನೊಬ್ಬರದನ್ನಲ್ಲ. ಬೇರೆಯವರ ಸಂಕಟ ಮುಚ್ಚಿಟ್ಟವರ ಲೆಕ್ಕ ಮೊದಲು ಕೇಳು.' ಆ ಲೆಕ್ಕ ಕೇಳುತ್ತಾ ಹೋದಾಗಲೇ ನಮ್ಮ ಘೋಷಣೆಯ ವಿಯೆಟ್ನಾಂ ಬಿರುಕು ಬಿಟ್ಟದ್ದು.

1979ರಲ್ಲಿ ನ್ಗುಯೆನ್ ಹೊಂಗ್ ಸೆನ್ ಮಾಡಿದ 'ಪಾಳುಬಿದ್ದ ಹೊಲ' 1981ರಲ್ಲಿ ಮಾಸ್ಕೋ ಚಿತ್ರೋತ್ಸವದ ಚಿನ್ನದ ಬಹುಮಾನ ಪಡೆದ ಚಿತ್ರ. ಮೆಕಾಂಗ್ ನದಿಯ ಬಯಲಲ್ಲಿ ಗಂಡ, ಹೆಂಡತಿ, ಕೈಗೂಸು. ಅಮೆರಿಕದ ಹೆಲಿಕಾಪ್ಟರ್ ತಲೆ ಮೇಲೆ ಬಂದಾಗಲೆಲ್ಲ ಕೂಸನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಹಿಡಿದು ನೀರೊಳಗೆ ಮುಳುಗಿಸುತ್ತಾರೆ. ನಮ್ಮ ಉಸಿರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಹೆಲಿಕಾಪ್ಟರ್ ಉರುಳಿದಾಗ ಸತ್ತ ಅಮೆರಿಕನ್ನನ ಬಳಿ ಅವನ ಹೆಂಡತಿ ಮಗುವಿನ ಫೋಟೋ. ಶತ್ರುವಿಗೂ ಮನೆಯಿದೆ ಅಂತ ಆ ಚಿತ್ರ ತೋರಿಸಿತು. ದೊಡ್ಡತನ, ಒಪ್ಪೋಣ.

ಆದರೆ ಸೈಗಾನ್ ಸರ್ಕಾರದ ಸೇನೆಯಲ್ಲಿ ಸತ್ತ ವಿಯೆಟ್ನಾಮಿ ಹುಡುಗ? ಅವನೂ ಗದ್ದೆಯವನ ಮಗನೇ. ಎಷ್ಟೋ ಜನರನ್ನು ಕಾನೂನು ಹಾಕಿ ಎಳೆದುಕೊಂಡು ಹೋಗಿದ್ದರು. ಗೆದ್ದವರ ಬಾಯಲ್ಲಿ ಅವನಿಗೆ ಇದ್ದ ಹೆಸರು 'ಕೈಗೊಂಬೆ', ಅಷ್ಟೆ. ಸೈಗಾನ್ ಹತ್ತಿರದ ಬಿಯೆನ್ ಹೋವಾ ಎಂಬಲ್ಲಿ ಆ ಸೇನೆಯವರ ಸ್ಮಶಾನವಿತ್ತು. ಅದರ ಮುಂದೆ ಕೂತು ದುಃಖಿಸುವ ಸೈನಿಕನ ವಿಗ್ರಹ. 1975ರಲ್ಲಿ ಯುದ್ಧ ಮುಗಿದ ಮೇಲೆ ಆ ವಿಗ್ರಹವನ್ನು ಉರುಳಿಸಿದರು. ಬಂದೂಕು ಗುರಿಯಿಟ್ಟು ನಿಂತ ವಿಗ್ರಹವಲ್ಲ ನೋಡಿ, ಸುಮ್ಮನೆ ಕೂತು ದುಃಖಿಸುವುದು. ಅದನ್ನೂ ಸಹಿಸಲಿಲ್ಲ.

ಸೋತವರಲ್ಲಿ ಲಕ್ಷಾಂತರ ಜನ ಮರುಶಿಕ್ಷಣ ಶಿಬಿರ ಎಂಬ ಜೈಲು ಸೇರಿದರು. ಮುಂದಿನ 20 ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ದೋಣಿಗಳಲ್ಲಿ ಬೇರೆ ದಡ ಮುಟ್ಟಿದರು. ಮುಟ್ಟದವರನ್ನು ಎಣಿಸಿದವರಿಲ್ಲ. ಇವರ ಕಥೆಯನ್ನು ಹ್ಯಾಮ್ ಟ್ರಾನ್ ಎಂಬ ನಿರ್ದೇಶಕ 2006ರಲ್ಲಿ 'ಜರ್ನಿ ಫ್ರಮ್ ದಿ ಫಾಲ್' ಅಂತ ತೆಗೆದ. ಅಮೆರಿಕದಲ್ಲಿ ನೆಲೆಸಿದ ವಿಯೆಟ್ನಾಮಿಗಳೇ ಕೈಯಿಂದ ಹಣ ಹಾಕಿದರು. ಗಂಡ ಶಿಬಿರದಲ್ಲಿ, ಹೆಂಡತಿ, ಮಗ, ಅಜ್ಜಿ ಸಮುದ್ರದಲ್ಲಿ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಇಬ್ಬರು ಇದನ್ನು ನೋಡಲ್ಲ ಅಂತ ಎದ್ದು ಹೋದರು. 'ಇದು ಅಮೆರಿಕದ ಕಡೆಯವರ ಸಿನಿಮಾ' ಅಂದರು. ಉಳಿದವರು ನೋಡಿದೆವು. ದೋಣಿಯ ತಳದಲ್ಲಿ ಉಸಿರು ಬಿಗಿಹಿಡಿದು ಕೂತ ಹುಡುಗನ ಮುಖಕ್ಕೂ ಚೀಲದೊಳಗಿನ ಆ ಕೂಸಿನ ಮುಖಕ್ಕೂ ವ್ಯತ್ಯಾಸ ಹುಡುಕಿದೆವು. ಸಿಗಲಿಲ್ಲ.

ಹಾಗಂತ ಸೋತವರೆಲ್ಲ ನ್ಯಾಯವಂತರಾ? ಇಲ್ಲೇ ನಮಗೆ ದೊಡ್ಡ ಪೆಟ್ಟು ಬಿದ್ದದ್ದು. ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಪಟ್ಟಣದಲ್ಲಿ ಅವರು ಕಟ್ಟಿಕೊಂಡ ಪೇಟೆಗೆ 'ಲಿಟಲ್ ಸೈಗಾನ್' ಅನ್ನುತ್ತಾರೆ. 1999ರಲ್ಲಿ ಅಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ ಒಬ್ಬ ವಿಯೆಟ್ನಾಮಿ ತನ್ನ ಅಂಗಡಿಯಲ್ಲಿ ಹೋ ಚಿ ಮಿನ್ ಚಿತ್ರವನ್ನೂ ಈಗಿನ ವಿಯೆಟ್ನಾಂ ಬಾವುಟವನ್ನೂ ತೂಗುಹಾಕಿದ. 53 ದಿನ ಪ್ರತಿಭಟನೆ ನಡೆಯಿತು. ಸಾವಿರಾರು ಜನ ಸೇರಿದರು. ಶಿಬಿರದಲ್ಲಿ ಅಪ್ಪನನ್ನು ಕಳೆದುಕೊಂಡವಳಿಗೆ ಆ ಚಿತ್ರ ಕಂಡರೆ ಹೊಟ್ಟೆ ಉರಿಯುತ್ತದೆ, ಅದು ನಮಗೆ ಅರ್ಥವಾಗುತ್ತೆ. ಅವಳು ಬೀದಿಯಲ್ಲಿ ನಿಂತು ಕೂಗಿದ್ದೂ ಸರಿಯೇ. ಆದರೆ ಅದಕ್ಕೂ ಹಿಂದೆ, 1981ರಿಂದ 1990ರವರೆಗೆ, ಅಮೆರಿಕದಲ್ಲಿ 5 ಜನ ವಿಯೆಟ್ನಾಮಿ ಪತ್ರಕರ್ತರ ಕೊಲೆಯಾಗಿತ್ತು. 2015ರಲ್ಲಿ ಬಂದ 'ಟೆರರ್ ಇನ್ ಲಿಟಲ್ ಸೈಗಾನ್' ಎಂಬ ಸಾಕ್ಷ್ಯಚಿತ್ರ ಆ ಕಡತಗಳನ್ನು ಮತ್ತೆ ಬಿಚ್ಚಿ, ದೇಶ ಬಿಟ್ಟುಬಂದವರದೇ ಒಂದು ಕಮ್ಯುನಿಸ್ಟ್ ವಿರೋಧಿ ಸಂಘಟನೆಯ ಕಡೆಗೆ ಬೆರಳು ತೋರಿಸಿತು. ಅದಕ್ಕೆ ಸಮುದಾಯದೊಳಗಿಂದ ಸಿಟ್ಟಿನ ಉತ್ತರವೂ ಬಂತು: ನಮ್ಮ ಮಾನ ಕಳೆದರು ಅಂತ.

ಈಗ ಹೇಳಿ ಗೆಳೆಯರೇ. ನೊಂದವರಿಗೆ ಮಾತಾಡುವ ಹಕ್ಕು ಉಂಟು, ಅದಕ್ಕಾಗಿಯೇ ನಾವು ಪೆನ್ನು ಹಿಡಿದದ್ದು. ನೊಂದವರಿಗೆ ಇನ್ನೊಬ್ಬ ನೊಂದವನ ಬಾಯಿ ಮುಚ್ಚುವ ಹಕ್ಕು ಉಂಟಾ? 'ನಮ್ಮ ನೋವು ದೊಡ್ಡದು' ಅನ್ನುವ ಮಾತು ಎಲ್ಲಿಯವರೆಗೆ ನ್ಯಾಯ, ಎಲ್ಲಿಂದಾಚೆ ದೊಣ್ಣೆ? ಎದ್ದುಹೋದ ಆ ಇಬ್ಬರಿಗೆ ನಾವು ಇದನ್ನೇ ಕೇಳಿದೆವು. ಅವರು ತಿರುಗಿ ಕೇಳಿದರು: ಬಾಂಬು ಹಾಕಿದವನನ್ನೂ ಬಾಂಬು ತಿಂದವನನ್ನೂ ಒಂದೇ ತಕ್ಕಡಿಗೆ ಹಾಕ್ತೀರಾ? ಹಾಕುವುದಿಲ್ಲ. ಯುದ್ಧದ ತಪ್ಪು ಯಾರದು ಅನ್ನುವುದಕ್ಕೆ ತಕ್ಕಡಿ ಬೇಕೇ ಬೇಕು. ಆದರೆ ಮಗನ ಹೆಣಕ್ಕೆ ಅಳುವ ತಾಯಿಯ ಮುಂದೆ ತಕ್ಕಡಿ ಹಿಡಿದು ನಿಲ್ಲುವವನು ಯಾವ ಪಕ್ಷದವನಾದರೂ ನಮ್ಮವನಲ್ಲ. ಇಷ್ಟು ನಮಗೆ ತೋಚಿದ್ದು. ಅವರು ಒಪ್ಪಲಿಲ್ಲ, ಇನ್ನೂ ಒಪ್ಪಿಲ್ಲ.

ದೇಶದೊಳಗೂ ಗೋಡೆ ಅಲ್ಲಲ್ಲಿ ಸಡಿಲಾಗಿದೆ. 2005ರಲ್ಲಿ ಬುಯಿ ಥಾಕ್ ಚುಯೆನ್ ಮಾಡಿದ 'ಭಯದಲ್ಲಿ ಬದುಕು' ಚಿತ್ರದ ನಾಯಕ ಸೈಗಾನ್ ಸೇನೆಯಲ್ಲಿದ್ದವನೇ. ಯುದ್ಧ ಮುಗಿದಿದೆ, ಎರಡು ಸಂಸಾರ ಸಾಕಬೇಕು. ನೆಲದಲ್ಲಿ ಹೂತ ಸಿಡಿಗುಂಡುಗಳನ್ನು ಬರಿಗೈಲಿ ಕಿತ್ತು ಹೊಲ ಹದ ಮಾಡುತ್ತಾನೆ. ಗುಂಡು ಹೂತವನು ಯಾವ ಕಡೆಯವನು ಅಂತ ಅವನು ಕೇಳುವುದಿಲ್ಲ. ಕೇಳುವಷ್ಟು ಪುರುಸೊತ್ತು ಅವನಿಗೆಲ್ಲಿ?

ಸಡಿಲಾದದ್ದು ಅಷ್ಟೇ, ಬಿದ್ದಿಲ್ಲ. ತ್ರುವಾಂಗ್ ಮಿನ್ ಕ್ವಿ ಮಾಡಿದ 'ವಿಯೆಟ್ ಅಂಡ್ ನಾಮ್' 2024ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಕಲ್ಲಿದ್ದಲ ಗಣಿಯ ಇಬ್ಬರು ಹುಡುಗರ ಪ್ರೀತಿಯ ಕಥೆ. ಒಬ್ಬ ಹೊಟ್ಟೆಪಾಡಿಗಾಗಿ ಕಳ್ಳದಾರಿಯಲ್ಲಿ ದೇಶ ಬಿಡಲು ಹೊರಟಿದ್ದಾನೆ. ಅದಕ್ಕೆ ಮೊದಲು, ಯುದ್ಧದಲ್ಲಿ ಸತ್ತ ಅವನ ಅಪ್ಪನ ಮೂಳೆ ಹುಡುಕಿಕೊಂಡು ತಾಯಿಯೊಡನೆ ದಕ್ಷಿಣದ ಕಾಡಿಗೆ ಹೋಗುತ್ತಾರೆ. ಆ ಅಪ್ಪ ಗೆದ್ದ ಕಡೆಯ ಸೈನಿಕ. ಆದರೂ ದೇಶದ ಬಗ್ಗೆ ಕತ್ತಲೆಯ ಚಿತ್ರ ಕೊಡುತ್ತದೆ ಅಂತ ವಿಯೆಟ್ನಾಂ ಸರ್ಕಾರ ಅದರ ಪ್ರದರ್ಶನಕ್ಕೆ ಅನುಮತಿ ಕೊಡಲಿಲ್ಲ. ಎದ್ದುಹೋಗಿದ್ದ ಗೆಳೆಯರನ್ನು ಈ ಸಲ ನಾವೇ ಕರೆದೆವು. ಒಬ್ಬ ಬಂದ, ಬಾಗಿಲ ಹತ್ತಿರ ಕೂತ.