ಕಳಿಂಗಕ್ಕೆ ಕೇಳಿಸದ ಪಶ್ಚಾತ್ತಾಪ

ಅಶೋಕನ ಪಶ್ಚಾತ್ತಾಪದ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದವರು. ಪಟ್ಟಕ್ಕೆ ಬಂದು ಎಂಟು ವರ್ಷವಾದ ಮೇಲೆ ಅವನು ಕಳಿಂಗವನ್ನು ಗೆದ್ದ. 1,50,000 ಜನರನ್ನು ಸೆರೆಹಿಡಿದು ಸಾಗಿಸಲಾಯಿತು, 1,00,000 ಜನ ಹತರಾದರು, ಅದರ ಹಲವು ಪಟ್ಟು ಜನ ಬೇರೆ ರೀತಿಯಲ್ಲಿ ಸತ್ತರು. ಈ ಲೆಕ್ಕವನ್ನು ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ಕೊಟ್ಟವನು ಸ್ವತಃ ಅಶೋಕ. ತಾನು ಮಾಡಿದ ಕೇಡನ್ನು ಹೀಗೆ ಕಲ್ಲಿನಲ್ಲಿ ಕೆತ್ತಿಸಿದ ಅರಸರು ಅಪರೂಪ.

ಸಂಶೋಧನೆಗಾಗಿ ಈ ಶಾಸನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಗಿರ್ನಾರ್, ಕಾಲ್ಸಿ, ಶಹಬಾಜ್‌ಗಢಿಗಳಲ್ಲಿರುವ ಈ ಶಾಸನ ಕಳಿಂಗದ ಧೌಲಿಯಲ್ಲಾಗಲಿ ಜೌಗಡದಲ್ಲಾಗಲಿ ಇಲ್ಲ. ಅಲ್ಲಿ ಬೇರೆ ಎರಡು ಶಾಸನಗಳಿವೆ. (ಇವು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ.) ಅವನ್ನು ಬರೆಸಿದ್ದು ಅಧಿಕಾರಿಗಳಿಗೆ: ಜನರೆಲ್ಲ ನನ್ನ ಮಕ್ಕಳು, ಯಾರನ್ನೂ ವಿನಾಕಾರಣ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ ಎಂಬುದು ಸಾರ. ತಿಷ್ಯ ನಕ್ಷತ್ರದ ದಿನ ಅದನ್ನು ಓದಿ ಕೇಳಿಸಬೇಕೆಂಬ ಅಪ್ಪಣೆಯೂ ಇದೆ. ಯುದ್ಧದ ಮಾತು ಮಾತ್ರ ಇಲ್ಲ. ಅಪ್ಪನನ್ನು ಕಳೆದುಕೊಂಡ ಮಕ್ಕಳ ಮುಂದೆ, ಕಳೆದವನೇ ಬಂದು ‘ಇನ್ನು ನಾನೇ ನಿಮ್ಮ ಅಪ್ಪ’ ಎಂದ ಹಾಗಾಯಿತು.

ಕತ್ತಿಯಿಂದ ನೆಲವನ್ನು ಗೆಲ್ಲಬಹುದು, ಆದರೆ ದಿನವೂ ಕತ್ತಿ ಹಿರಿದು ಆಳಲಾಗದು. ಗೆದ್ದವನಿಗೆ ಸೋತವರ ಒಪ್ಪಿಗೆ ಬೇಕು, ಒಪ್ಪಿಗೆ ಹುಟ್ಟಲು ಒಂದಿಷ್ಟು ಮರೆವೂ ಬೇಕು.

ಇದನ್ನು ಬರೀ ಕುತಂತ್ರವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಸಿ ಗಾಯದ ಮುಂದೆ ಸಾವಿನ ಲೆಕ್ಕ ಓದಿಸುವುದು ಕ್ರೌರ್ಯವೆಂದು ಅವನಿಗೆ ಅನಿಸಿರಬಹುದು. ಅಧಿಕಾರಿಗಳಿಗೆ ಹಾಕಿದ ಕಡಿವಾಣ ಕಳಿಂಗದ ಬಡವನಿಗೆ ಕ್ಷಮೆಯ ಮಾತಿಗಿಂತ ಹೆಚ್ಚು ಒದಗಿರಲೂಬಹುದು. ಆದರೆ ಅದೇ ಹದಿಮೂರನೆಯ ಶಾಸನದಲ್ಲಿ ಅವನು ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಡುತ್ತಾನೆ: ಮರುಗುತ್ತಿದ್ದರೂ ದಂಡಿಸುವ ಬಲ ತನಗಿದೆ ಎಂದು. ಕಳಿಂಗವನ್ನು ಬಿಟ್ಟುಕೊಡುವ ಮಾತಾಗಲಿ, ಸಾಗಿಸಿದವರನ್ನು ಊರಿಗೆ ಮರಳಿಸುವ ಮಾತಾಗಲಿ ಅಲ್ಲಿಲ್ಲ.

ಅವನ ದುಃಖ ನಿಜವಾಗಿದ್ದಿರಬಹುದು. ಆ ದುಃಖವೂ ರಾಜ್ಯದ ಗಡಿಯನ್ನು ಒಂದಡಿ ಹಿಂದೆ ಸರಿಸಲಿಲ್ಲ. ನಿಜವಾದ ಭಾವನೆಯೂ ಅಧಿಕಾರವನ್ನು ಕಾಯುವ ಕೆಲಸಕ್ಕೆ ಒದಗಬಲ್ಲದು ಎಂಬುದೇ ನನ್ನನ್ನು ಕಾಡುವ ಸಂಗತಿ. ಹಾಗಾಗಿ ಆಳುವವರು ವಿಷಾದಿಸಿದಾಗ ಅವರ ಮನಸ್ಸನ್ನು ಅಳೆಯಲು ಹೋಗುವುದಕ್ಕಿಂತ ಎರಡು ಪ್ರಶ್ನೆ ಕೇಳುವುದು ಮೇಲು: ಆ ಮಾತನ್ನು ನೊಂದವರ ಎದುರು ಆಡಿದರೇ? ಕಿತ್ತುಕೊಂಡದ್ದರಲ್ಲಿ ಏನನ್ನಾದರೂ ಹಿಂದಿರುಗಿಸಿದರೇ?