ಅಪರಿಚಿತರನ್ನು ನಂಬಬೇಕೆ?



ಕಳೆದ ಬೇಸಿಗೆಯ ಒಂದು ಭಾನುವಾರ. ಪೂಜೆ ಮುಗಿದು ಎಲ್ಲರೂ ಮನೆಗೆ ಹೊರಟಿದ್ದರು. ಅರವತ್ತು ದಾಟಿದ ತಾಯಿಯೊಬ್ಬರು ಮಾತ್ರ ಬೆಂಚಿನಲ್ಲಿ ಕುಳಿತೇ ಇದ್ದರು. ಅವರ ಕೊರಳು ಬರಿದಾಗಿತ್ತು. ವಿಚಾರಿಸಿದಾಗ ಕಣ್ಣೊರೆಸಿಕೊಂಡು ನಡೆದದ್ದನ್ನು ಹೇಳಿದರು.

ಸಿರುಗುಪ್ಪದ ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ನಿಮಗೆ ಗೊತ್ತು. ಮಟಮಟ ಮಧ್ಯಾಹ್ನ ಇಬ್ಬರು ಹುಡುಗರು ಬಾಗಿಲಿಗೆ ಬಂದು ನೀರು ಕೇಳಿದರಂತೆ. ಇವರು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟರು, ಮಜ್ಜಿಗೆಯನ್ನೂ ಕೊಟ್ಟರು. ಹುಡುಗರು ಮನೆಯ ಹಿತ್ತಾಳೆ ದೀಪವನ್ನು ಯಾವುದೋ ಪುಡಿಯಿಂದ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದರು. ಹಣ ಬೇಡವೆಂದರು. ಆಮೇಲೆ ಬೆಳ್ಳಿಯ ಕಾಲುಂಗುರ ತೊಳೆದರು, ಕೊನೆಗೆ ಕೊರಳ ಸರ ಕೇಳಿದರು. ಸರವನ್ನು ಒಂದು ದ್ರಾವಣದಲ್ಲಿ ಅದ್ದಿ, ಹೊಳೆಯುವಂತೆ ಮಾಡಿ ಕೈಗಿತ್ತು ಹೊರಟುಹೋದರು. ಸಂಜೆ ಮಗ ಅಂಗಡಿಯಲ್ಲಿ ತೂಗಿಸಿದಾಗ ಅದರ ತೂಕ ಅರ್ಧಕ್ಕೆ ಇಳಿದಿತ್ತು. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣಕ್ಕೆ ಚಿನ್ನವನ್ನು ಕರಗಿಸುವ ಶಕ್ತಿಯಿದೆ. ಕರಗಿದ ಚಿನ್ನವನ್ನು ಆ ದ್ರಾವಣದಿಂದ ಮತ್ತೆ ಬೇರ್ಪಡಿಸಬಹುದು. ನಮ್ಮ ನಾಡಿನ ಊರೂರಲ್ಲಿ ನಡೆಯುವ ಈ ಹಳೆಯ ಮೋಸದ ಗುಟ್ಟು ಇಷ್ಟೇ.

“ಫಾದರ್, ಬಾಗಿಲಿಗೆ ಬಂದೋರನ್ನ ಬರಿಗೈಲಿ ಕಳಿಸಬ್ಯಾಡ್ರಿ ಅಂತ ನೀವಾ ಹೇಳ್ತೀರಿ. ಈಗ ನಮ್ ಹುಡುಗ ದಿನಾ ಬೈತಾನ. ನಾ ಮಾಡಿದ್ದು ಪುಣ್ಯಾನೋ ದಡ್ಡತನಾನೋ ನೀವಾ ಹೇಳ್ರಿ. ಇನ್ಮ್ಯಾಲೆ ಯಾರು ಬಂದ್ರೂ ನಾ ಬಾಗಲಾ ತೆಗೆಯಾಂಗಿಲ್ಲ” ಎಂದರು ಆ ತಾಯಿ.

ಚಿನ್ನ ಹೋದದ್ದಕ್ಕಿಂತ ಈ ಕೊನೆಯ ಮಾತೇ ನನ್ನನ್ನು ಹೆಚ್ಚು ಕಾಡಿತು. ಆ ಹುಡುಗರು ಸರದ ಜೊತೆಗೆ ಮುಂದೆ ಆ ಬಾಗಿಲಿಗೆ ಬರಲಿರುವ ಬಾಯಾರಿದವರ ನೀರನ್ನೂ ಕದ್ದೊಯ್ದಿದ್ದರು.

ಹಾಗಾದರೆ ಅಪರಿಚಿತರನ್ನು ನಂಬುವುದು ತಪ್ಪೇ? ಯೋಚಿಸಿ ನೋಡಿ. ನಂಬಿಕೆಯಿಲ್ಲದೆ ಒಂದು ದಿನವೂ ಕಳೆಯದು. ಬಳ್ಳಾರಿಗೆ ಹೋಗುವ ಬಸ್ಸು ಹತ್ತುವಾಗ ಚಾಲಕನ ಹೆಸರು ಕೇಳುತ್ತೇವೆಯೆ? ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಯನ್ನು ಹಾಗೆಯೇ ನುಂಗುತ್ತೇವೆ. ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಯಂತ್ರದವರು, ಹಮಾಲರು, ವ್ಯಾಪಾರಿಗಳು ಎಲ್ಲೆಲ್ಲಿಂದಲೋ ಬರುತ್ತಾರೆ. ಅವರೆಲ್ಲರನ್ನೂ ಕಳ್ಳರೆಂದು ದೂರವಿಟ್ಟರೆ ಭತ್ತ ಗದ್ದೆಯಲ್ಲೇ ಉದುರಿಹೋದೀತು. ಆದ್ದರಿಂದ ನಂಬಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಬಿಟ್ಟು, ಯಾರನ್ನು, ಯಾವ ವಿಷಯದಲ್ಲಿ, ಎಷ್ಟರ ಮಟ್ಟಿಗೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮೋಸದ ದಾರಿಯನ್ನು ತಿಳಿಯಲು ಯೆಹೋಶುವನ ಗ್ರಂಥದ ಒಂಬತ್ತನೆಯ ಅಧ್ಯಾಯವನ್ನು ಓದಿ. ಗಿಬ್ಯೋನಿನ ಜನರು ನೆರೆಯವರೇ ಆಗಿದ್ದರೂ ದೂರದೇಶದವರೆಂದು ಹೇಳಿಕೊಂಡು ಇಸ್ರಯೇಲರ ಪಾಳೆಯಕ್ಕೆ ಬಂದರು. ಹರಿದ ಗೋಣಿ, ತೇಪೆ ಹಾಕಿದ ಕೆರ, ಒಣಗಿ ಬೂಷ್ಟು ಹಿಡಿದ ರೊಟ್ಟಿ, ಎಲ್ಲವನ್ನೂ ಸಿದ್ಧಮಾಡಿಕೊಂಡೇ ಬಂದಿದ್ದರು. ಇಸ್ರಯೇಲರು ಪರೀಕ್ಷಿಸದೆ ನಂಬಿದರೆಂದು ತಿಳಿಯಬೇಡಿ. ಅವರು ಮೊದಲು ಅನುಮಾನಪಟ್ಟರು, ಪ್ರಶ್ನೆ ಕೇಳಿದರು, ರೊಟ್ಟಿಯನ್ನೂ ನೋಡಿದರು. ಆದರೆ ಮೋಸಗಾರರು ತಾವೇ ತಂದಿದ್ದ ರೊಟ್ಟಿಯನ್ನು ಮಾತ್ರ ನೋಡಿದರು. ದೇವರನ್ನು ವಿಚಾರಿಸದೆ ಅವಸರದಲ್ಲಿ ಪ್ರಮಾಣ ಮಾಡಿಬಿಟ್ಟರು. ಮೂರು ದಿನಗಳಲ್ಲೇ ಸತ್ಯ ಬಯಲಾಯಿತು.

ಇಂದು ಫೋನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರ ವಿದ್ಯೆಯೂ ಇದೇ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ, ಹಿಂದೆ ಠಾಣೆಯಂಥ ಗೋಡೆ, ಕೈಯಲ್ಲಿ ಮೊಹರು ಬಿದ್ದ ಕಾಗದ. ನಿಮ್ಮ ಆಧಾರ್ ಅಪರಾಧದಲ್ಲಿ ಬಳಕೆಯಾಗಿದೆ, ಯಾರಿಗೂ ಹೇಳಬೇಡಿ, ಕರೆ ಕತ್ತರಿಸಬೇಡಿ, ಈಗಲೇ ಹಣ ಕಳಿಸಿ ಎನ್ನುತ್ತಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಮಾತಿನಲ್ಲಿ ನಮ್ಮ ವಿಜಯಪುರದ ಒಬ್ಬರಿಗೆ ಬಂದಿದ್ದ ಇಂಥ ಕರೆಯನ್ನೇ ದೇಶಕ್ಕೆ ಕೇಳಿಸಿ ಎಚ್ಚರಿಸಿದರು. ವಿಡಿಯೊ ಕರೆಯಲ್ಲಿ ಬಂಧಿಸುವ ಅವಕಾಶ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಆದರೂ ಓದಿದವರು, ನಿವೃತ್ತ ಅಧಿಕಾರಿಗಳು ಕೂಡ ಮೋಸಹೋಗಿದ್ದಾರೆ. ಏಕೆ? ಅವರೂ ಪರೀಕ್ಷಿಸಿದರು, ಆದರೆ ಕಳ್ಳ ತೋರಿಸಿದ ಕಾಗದವನ್ನೇ ಪರೀಕ್ಷಿಸಿದರು. ಬಂದವನು ತಂದ ಸಾಕ್ಷ್ಯವನ್ನು ಬದಿಗಿಟ್ಟು, ನಾವೇ ಹುಡುಕಿಕೊಂಡ ದಾರಿಯಿಂದ ವಿಚಾರಿಸುವುದೇ ನಿಜವಾದ ಪರೀಕ್ಷೆ. ಕರೆ ಕತ್ತರಿಸಿ ಹತ್ತಿರದ ಠಾಣೆಗೆ ಹೋಗಿ ಕೇಳಿದರೆ ಸಾಕು, ಬೂಷ್ಟು ಹಿಡಿದ ರೊಟ್ಟಿಯ ಬಣ್ಣ ಬಯಲಾಗುತ್ತದೆ.

ಆದರೆ ಸಹೋದರ ಸಹೋದರಿಯರೇ, ನಾಣ್ಯಕ್ಕೆ ಇನ್ನೊಂದು ಮುಖವಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಏನಾಯಿತೆಂಬುದನ್ನು ನಾವು ಮರೆಯಬಾರದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಹರಡಿತು. ಜನ ಅವರನ್ನು ಅಡ್ಡಗಟ್ಟಿ ಹೊಡೆದರು. ಮೂವತ್ತರ ಆಸುಪಾಸಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಮಗುವಿಗೆ ಸಿಹಿ ಕೊಟ್ಟದ್ದೇ ಅಪರಾಧವಾಗಿಹೋಯಿತು.

ಅಂದು ಆ ಜನರಲ್ಲಿ ನಂಬಿಕೆ ಕಡಿಮೆಯಿತ್ತೆಂದು ಹೇಳಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತೆ. ಎದುರಿಗೆ ನಿಂತ ಮನುಷ್ಯನನ್ನು ಅವರು ನಂಬಲಿಲ್ಲ. ಮುಖವೇ ಕಾಣದ ಯಾರೋ ಕಳಿಸಿದ ಸಂದೇಶವನ್ನು ನಂಬಿದರು. ಅತಿಯಾದ ಅನುಮಾನದೊಳಗೂ ಅಪರಿಚಿತನ ಮೇಲಿನ ಕುರುಡು ನಂಬಿಕೆ ಅಡಗಿರಬಹುದು. ಮೊದಲ ತಪ್ಪಿನಲ್ಲಿ ನಮ್ಮ ಚಿನ್ನ ಹೋಗುತ್ತದೆ, ಎರಡನೆಯದರಲ್ಲಿ ಇನ್ನೊಬ್ಬರ ಜೀವ ಹೋಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಭಾರವೆಂದು ನೀವೇ ತೂಗಿ ನೋಡಿ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲಾಜಿಯೆ’ ಗ್ರಂಥದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಸಂಶಯವಿರುವಾಗ ಮತ್ತೊಬ್ಬನ ಬಗ್ಗೆ ಒಳ್ಳೆಯದನ್ನು ಭಾವಿಸಬೇಕೆ, ಕೆಟ್ಟದ್ದನ್ನೆ? ಕೆಟ್ಟವನನ್ನು ಒಳ್ಳೆಯವನೆಂದು ತಿಳಿದು ಹಲವು ಬಾರಿ ತಪ್ಪಿದರೂ ಚಿಂತೆಯಿಲ್ಲ, ಒಳ್ಳೆಯವನನ್ನು ಕೆಟ್ಟವನೆಂದು ತಿಳಿದು ಅಪರೂಪಕ್ಕೆ ತಪ್ಪುವುದು ಅದಕ್ಕಿಂತ ಕೆಡುಕು ಎಂಬುದು ಅವರ ತೀರ್ಮಾನದ ಸಾರ. ಏಕೆಂದರೆ ಎರಡನೆಯದರಲ್ಲಿ ನಿರಪರಾಧಿಗೆ ಅನ್ಯಾಯವಾಗುತ್ತದೆ. ಆದರೆ ಅವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಕೇಡಿಗೆ ಪರಿಹಾರ ಹುಡುಕುವಾಗ ಅತಿ ಕೆಟ್ಟದ್ದೇ ಆಗಬಹುದೆಂದು ಎಣಿಸಿ ಸಿದ್ಧವಾಗುವುದು ಒಳ್ಳೆಯದು ಎಂದೂ ಹೇಳುತ್ತಾರೆ. ದೊಡ್ಡ ರೋಗಕ್ಕೆ ಸಾಲುವ ಮದ್ದು ಚಿಕ್ಕದಕ್ಕೂ ಸಾಲುತ್ತದೆಯಲ್ಲವೆ?

ಇಲ್ಲೇ ನಮ್ಮ ಗಂಟು ಬಿಚ್ಚಿಕೊಳ್ಳುತ್ತದೆ. ವ್ಯಕ್ತಿಯ ಬಗ್ಗೆ ತೀರ್ಪು ಕೊಡುವುದು ಬೇರೆ, ಮುನ್ನೆಚ್ಚರಿಕೆ ವಹಿಸುವುದು ಬೇರೆ. ರಾತ್ರಿ ಬಾಗಿಲಿಗೆ ಚಿಲಕ ಹಾಕುವಾಗ ಬೀದಿಯವರೆಲ್ಲ ಕಳ್ಳರೆಂದು ನಾವು ತೀರ್ಪು ಕೊಡುತ್ತಿಲ್ಲ. ಹಾಗೆಯೇ “ಅಪ್ಪಾ, ನೀರು ಕುಡಿ, ಒಡವೆ ಮಾತ್ರ ಕೊಡಲಾರೆ” ಎಂದರೆ ಅವನನ್ನು ಅವಮಾನಿಸಿದಂತಾಗುವುದಿಲ್ಲ.

ತೋಬಿತನ ಗ್ರಂಥ ಇದಕ್ಕೆ ಚೆಲುವಾದ ನಿದರ್ಶನ. ತನ್ನ ಮಗನನ್ನು ದೂರದ ಪ್ರಯಾಣಕ್ಕೆ ಕಳಿಸಬೇಕಿದ್ದ ಕುರುಡ ತಂದೆ, ಜೊತೆಗೆ ಹೋಗಲು ಬಂದ ಅಪರಿಚಿತನ ಕುಲ, ಮನೆತನವನ್ನು ವಿಚಾರಿಸಿದ, ದಿನಗೂಲಿಯನ್ನೂ ಮೊದಲೇ ಮಾತಾಡಿದ. ಬಂದವನು ದೇವದೂತ ರಫಾಯೇಲನೆಂದು ಅವನಿಗೆ ತಿಳಿದಿರಲಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ದೇವದೂತನು ಮುನಿಸಿಕೊಂಡು ಹೊರಟುಹೋಗಲಿಲ್ಲ. ತೋಬಿತನೂ ಅನುಮಾನದಲ್ಲೇ ಉಳಿದು ಮಗನನ್ನು ಮನೆಯಲ್ಲಿ ಕೂಡಿಹಾಕಲಿಲ್ಲ. ಪ್ರಾಮಾಣಿಕನಾದವನು ನಮ್ಮ ವಿಚಾರಣೆಯನ್ನು ಸಹಿಸಿಕೊಳ್ಳುತ್ತಾನೆ. ವಿಚಾರಿಸಿದೊಡನೆ ಸಿಟ್ಟಾಗುವವನ, ಅವಸರಪಡಿಸುವವನ, ಮನೆಯವರಿಗೆ ಹೇಳಬೇಡಿ ಎನ್ನುವವನ ಮುಂದೆ ನಾವು ನಿಧಾನಿಸಬೇಕು. ಅವಸರ, ಭಯ, ಆಸೆ, ಗುಟ್ಟು: ಈ ನಾಲ್ಕರಲ್ಲಿ ಎರಡು ಜೊತೆಗೂಡಿದರೆ ಕೈ ಹಿಂದೆಗೆಯಿರಿ.

ಇನ್ನು ಮನೆಯವರಿಗೆ ಒಂದು ಮಾತು. ಮೋಸಹೋದವರನ್ನು ದಯವಿಟ್ಟು ಬೈಯಬೇಡಿ. ಪಾಪ ಮೋಸಮಾಡಿದವನದು. ಬೈಗುಳಕ್ಕೆ ಹೆದರಿದ ಅಮ್ಮ ಮುಂದಿನ ಸಲ ನಿಮ್ಮಿಂದ ಮುಚ್ಚಿಡುತ್ತಾಳೆ. ಆ ಮೌನವೇ ಕಳ್ಳನಿಗೆ ದೊಡ್ಡ ಸಹಾಯ. ಫೋನಿನ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣ ಕೈದಾಟುವ ಮೊದಲೇ ಬ್ಯಾಂಕಿನಲ್ಲಿ ತಡೆಯುವ ಸಾಧ್ಯತೆ ಇರುತ್ತದೆ. ಮನೆಬಾಗಿಲಲ್ಲಿ ಮೋಸ ನಡೆದರೆ ಠಾಣೆಗೆ ದೂರು ಕೊಡಿ, ಬೀದಿಯವರಿಗೂ ತಿಳಿಸಿ. ಹಿರಿಯರೊಡನೆ ದಿನಕ್ಕೆ ಹತ್ತು ನಿಮಿಷ ಕುಳಿತು ಮಾತಾಡಿ. ಮನೆಯಲ್ಲಿ ಮಾತಾಡುವವರಿಲ್ಲದಿದ್ದಾಗ ಬಾಗಿಲಿಗೆ ಬಂದವನ ಸಿಹಿಮಾತು ಇನ್ನಷ್ಟು ಸಿಹಿಯಾಗಿ ಕೇಳಿಸುತ್ತದೆ.

ಆ ತಾಯಿಗೆ ಅಂದು ನಾನು ಹೇಳಿದ್ದು ಇಷ್ಟು: “ಅಮ್ಮಾ, ನೀವು ಎರಡು ಕೆಲಸ ಮಾಡಿದಿರಿ. ನೀರು ಕೊಟ್ಟಿರಿ, ಸರ ಬಿಚ್ಚಿಕೊಟ್ಟಿರಿ. ಮೊದಲನೆಯದು ಪುಣ್ಯ, ಅದನ್ನು ಆ ಹುಡುಗರು ಕರಗಿಸಲಾರರು. ಎರಡನೆಯದು ಪಾಪವಲ್ಲ, ಆದರೆ ಇನ್ನು ಮಾಡಬೇಡಿ.” ಅವರು ಏನೂ ಹೇಳದೆ ಎದ್ದುಹೋದರು.

ಕೆಲವು ವಾರಗಳ ನಂತರ ಅವರ ಬೀದಿಯಲ್ಲಿ ಹೋಗುತ್ತಿದ್ದೆ. ಮನೆಯ ಬಾಗಿಲು ಮುಚ್ಚಿತ್ತು. ಆದರೆ ಹೊರಗೆ ಕಟ್ಟೆಯ ಮೇಲೆ, ಬೇವಿನ ಮರದ ನೆರಳಲ್ಲಿ, ನೀರು ತುಂಬಿದ ಹೊಸ ಮಣ್ಣಿನ ಗಡಿಗೆ ಇತ್ತು. ಮುಚ್ಚಳದ ಮೇಲೆ ಒಂದು ಲೋಟ ಬೋರಲು ಹಾಕಿತ್ತು.