ಮುದಗಲ್ಲಿನ ಹಾರ, ಅಮರೇಶ್ವರದ ಅಕ್ಕಿ

ಸೆಳೆತ, ಆಮಿಷ, ಆಸೆ ಮೂರನ್ನೂ ನಾವು ಒಂದೇ ಉಸಿರಿಗೆ ಬೈದುಬಿಡುತ್ತೇವೆ. ಬಿಡಿಸಿ ನೋಡಿದರೆ ಮೂರರ ಜಾಗವೂ ಬೇರೆ. ಸೆಳೆಯುವ ಗುಣ ವಸ್ತುವಿನದು. ಆಮಿಷಕ್ಕೆ ಒಡ್ಡುವವನೊಬ್ಬ ಬೇಕು. ಆಸೆ ಮಾತ್ರ ಪೂರಾ ನಮ್ಮದೇ. ಚುನಾವಣೆ ಬಂದರೆ ಸಿಂಧನೂರು, ಮಸ್ಕಿಯ ಕಟ್ಟೆಗಳ ಮೇಲೆ ‘ಆಮಿಷ ಒಡ್ಡಿದರು’ ಎಂಬ ಮಾತಿಗೆ ಬರವಿಲ್ಲ. ‘ನಮಗೆ ಆಸೆ ಆಯ್ತು’ ಅನ್ನುವವರು ಸಿಗುವುದು ಕಷ್ಟ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಅಕ್ಕಸಾಲಿಗನ ಮಗಳೊಬ್ಬಳಿದ್ದಳು. ಅವಳ ಚೆಲುವಿನ ಸುದ್ದಿ ವಿಜಯನಗರದ ಒಂದನೇ ದೇವರಾಯನ ಕಿವಿಗೆ ಬಿತ್ತು. ಅರಸ ಬ್ರಾಹ್ಮಣನೊಬ್ಬನ ಕೈಲಿ ಹಾರ ಕಳಿಸಿದ. ಅರಮನೆ ಸೇರಿದರೆ ಹೆತ್ತವರ ಮುಖ ಮತ್ತೆ ಕಾಣುವಂತಿಲ್ಲವೆಂದು ಹುಡುಗಿ ಅದನ್ನು ಒಲ್ಲೆನೆಂದಳು. ಅರಸ ದಂಡು ಕಳಿಸಿದ; ಅಷ್ಟರಲ್ಲಿ ಮನೆಯವರು ಊರು ಬಿಟ್ಟಿದ್ದರು. ಸುತ್ತಲ ಹಳ್ಳಿಗಳು ಲೂಟಿಯಾದವು, ಆ ಸೀಮೆಯನ್ನಾಳುತ್ತಿದ್ದ ಬಹಮನಿ ಸುಲ್ತಾನ ಫಿರೋಜ್ ಶಾ ಸಿಡಿದೆದ್ದ, 1406ರ ಯುದ್ಧವಾಯಿತು. ಇದನ್ನು ಬರೆದಿಟ್ಟ ಇತಿಹಾಸಕಾರ ಫಿರಿಸ್ತಾ ಇನ್ನೂರು ವರ್ಷ ಆಮೇಲಿನವನು, ಒಂದಿಷ್ಟು ಬಣ್ಣ ಕಟ್ಟಿದ್ದಾನು.

ಗಮನಿಸಬೇಕಾದದ್ದು, ದೇವರಾಯ ಆಕೆಯನ್ನು ನೋಡಿಯೇ ಇರಲಿಲ್ಲ. ಕಾಣದ್ದು ಸೆಳೆಯುವುದೆಂತು? ಸೆಳೆದದ್ದು ಅವನೇ ಮನಸ್ಸಿನೊಳಗೆ ಕಟ್ಟಿಕೊಂಡ ರೂಪ. ಭಗವದ್ಗೀತೆಯ ಎರಡನೇ ಅಧ್ಯಾಯ ಹೇಳುವ ಮೆಟ್ಟಿಲುಗಳೂ ಇವೇ: ವಿಷಯವನ್ನೇ ಮೆಲುಕು ಹಾಕುವುದು, ಅದರಿಂದ ನಂಟು, ನಂಟಿನಿಂದ ಕಾಮ, ಕಾಮಕ್ಕೆ ಅಡ್ಡಿಯಾದರೆ ಕೋಪ. ಮಾಯೆ ಇರುವುದು ಹೊನ್ನು, ಹೆಣ್ಣು, ಮಣ್ಣಿನಲ್ಲಲ್ಲ, ಮನದ ಆಸೆಯಲ್ಲಿ ಎಂಬ ಅಲ್ಲಮನ ಮಾತಿನ ತಾತ್ಪರ್ಯವೂ ಅದೇ. ಹಾರದ ಆಮಿಷ ಆ ಹುಡುಗಿಯ ಮುಂದೆ ಬಂದಿತ್ತು, ಆಸೆ ಹುಟ್ಟಲಿಲ್ಲ. ಚಿನ್ನದೊಂದಿಗೇ ಬೆಳೆದವಳು ನೋಡಿ!

ಅದೇ ತಾಲ್ಲೂಕಿನ ಅಮರೇಶ್ವರದವರು ಹನ್ನೆರಡನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣಕ್ಕೆ ಹೋಗಿ ನೆಲೆಸಿದ ಮಾರಯ್ಯ ಬಸವಣ್ಣನ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ದಿನವೂ ಆಯ್ದು ತರುತ್ತಿದ್ದ; ಅದರಲ್ಲೇ ದಾಸೋಹ. ಬಸವಣ್ಣ ಪರೀಕ್ಷೆಗೆಂದು ಒಂದು ದಿನ ಹೆಚ್ಚು ಅಕ್ಕಿ ಚೆಲ್ಲಿಸಿದನೆಂದು ಕತೆ. ಮಾರಯ್ಯನ ಗಂಟು ಎಂದಿಗಿಂತ ದಪ್ಪವಾಯಿತು. ಲಕ್ಕಮ್ಮ ಬಿಚ್ಚಿ ನೋಡಿದವಳೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು: ಆಸೆ ಅರಸರಿಗೆ ಸರಿ, ಭಕ್ತರಿಗೇಕೆ? ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು.

ಇಲ್ಲಿ ಕಳವಿಲ್ಲ, ಮೋಸವಿಲ್ಲ. ಅದೇ ಅಂಗಳ, ಅದೇ ಅಕ್ಕಿ, ಅದೇ ಕೈ. ಇವತ್ತಿನ ದಾಸೋಹಕ್ಕೆ ಸಾಕಾಗುವಷ್ಟು ಕಾಯಕ. ಅದರ ಮೇಲಿನ ಬೊಗಸೆ ಆಸೆ. ಅಕ್ಕಿಯನ್ನು ಎಷ್ಟು ಸೋಸಿದರೂ ಈ ಗೆರೆ ಅದರಲ್ಲಿ ಸಿಗದು, ತರುವವನ ಲೆಕ್ಕದಲ್ಲಿ ಸಿಗುತ್ತದೆ. ಬಡವರಿಗೆ ತೃಪ್ತಿಯ ಪಾಠ ಹೇಳುವುದು ಉಳ್ಳವರಿಗೆ ಅನುಕೂಲ ಎಂಬ ಆಕ್ಷೇಪ ಉಂಟು, ಅದರಲ್ಲಿ ಹುರುಳೂ ಇದೆ. ಆದರೆ ಈ ಪಾಠ ಹೇಳಿದವಳೇ ಬಡವಿ. ತಿರುಗಿ ಹೋದದ್ದು ಅರಸ ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನ ಮನೆಯ ಅಕ್ಕಿ. ಇದು ವೈರಾಗ್ಯವೆನ್ನುವುದಕ್ಕಿಂತ ಹಂಗು ಒಲ್ಲದ ಸ್ವಾಭಿಮಾನ ಎಂದೇ ನನಗೆ ಕಾಣುತ್ತದೆ. ಬಾಯಿ ಕಟ್ಟಿ ಕೂತವಳೂ ಅಲ್ಲ ಲಕ್ಕಮ್ಮ. ಬಸವಣ್ಣನನ್ನು ಅವನ ಜಂಗಮ ಸಮೂಹದೊಂದಿಗೆ ತನ್ನ ಮನೆಗೇ ಊಟಕ್ಕೆ ಕರೆದಳೆಂದು ಕತೆ ಮುಂದುವರಿಯುತ್ತದೆ.